ಎಡಭುಜ

"ಎಡಭುಜ ಒಂದೇ ಒಂದು ಇಂಚು ಎತ್ತಿಬಿಡಿ ಅಮ್ಮಾ, ಮಿಕ್ಕಿದ್ದೆಲ್ಲ ಚೆನ್ನಾಗಿದೆ," ಎಂದು ಶಾಲೆಯ ಕಾರ್ಯದರ್ಶಿ ಮೂರನೆಯ ಸಲ ಹೇಳಿದ.

ಟೈಲರಮ್ಮ ಬಟ್ಟೆ ಕತ್ತರಿಸುವ ಉದ್ದ ಮೇಜಿನ ಮೇಲೆ ಚಿತ್ರವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದಳು. ಅದರ ಮುಂದೆ ಕಾರ್ಯದರ್ಶಿ, ಅವನ ಹಿಂದೆ ಶಾಲಾ ಮಂಡಳಿಯ ಇಬ್ಬರು ಸದಸ್ಯರು ಸಾವಿನ ಮನೆಗೆ ಬಂದವರ ಹಾಗೆ ಕೈಕಟ್ಟಿಕೊಂಡು ನಿಂತಿದ್ದರು. ಚಿತ್ರದಲ್ಲಿದ್ದದ್ದು ಅವಳ ಗಂಡ, ಆ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಹೆಡ್‌ಮಾಸ್ಟರಾಗಿದ್ದ ಮೇಷ್ಟ್ರು. ಕಿಟಕಿಯ ಪಕ್ಕ ಕೂತು ಪತ್ರಿಕೆ ಓದುತ್ತಿದ್ದರು. ಮೈಮೇಲೆ ಕೋಟಿಲ್ಲ, ಮನೆಯಲ್ಲಿ ಹಾಕಿಕೊಳ್ಳುವ ತೆಳು ಬಿಳಿ ಅಂಗಿ. ಕೈಯಲ್ಲಿ ಕೆಂಪು ಪೆನ್ಸಿಲು. ನಿವೃತ್ತರಾದ ಮೇಲೆ ಪತ್ರಿಕೆಯ ಅಚ್ಚುತಪ್ಪುಗಳನ್ನು ತಿದ್ದುವುದೇ ಅವರ ಈಗಿನ ಉದ್ಯೋಗ. ಎಡಭುಜ ಬಲಭುಜಕ್ಕಿಂತ ಕೆಳಗೆ ಇಳಿದಿತ್ತು. ಕತ್ತಿನ ಬುಡದಲ್ಲಿ ಕಾಲರು ಸಣ್ಣಗೆ ಬಾಯಿಬಿಟ್ಟು, ಒಳಗೆ ಗಂಟಿನಂಥ ಒಂದು ಉಬ್ಬು ಕಾಣುತ್ತಿತ್ತು.

"ಭುಜಕ್ಕೇನಾಗಿದೆ?" ಎಂದಳು ಟೈಲರಮ್ಮ.

"ಇಳಿದಿದೆಯಲ್ಲಮ್ಮ."

"ಇಳಿದಿದೆ ಅಂತಾನೇ ಇಳಿಸಿದ್ದೀನಿ."

ಸದಸ್ಯರಲ್ಲೊಬ್ಬ ನಗಲು ಹೋಗಿ ಅದನ್ನು ಕೆಮ್ಮು ಮಾಡಿಕೊಂಡ. ಕಾರ್ಯದರ್ಶಿಯ ಕಿವಿ ಕೆಂಪಾಯಿತು. "ಅಮ್ಮಾ, ನಾನು ಅವರ ಶಿಷ್ಯ. ಏಳು ವರ್ಷ ದಿನಾ ನೋಡಿದೋನು. ಮೇಷ್ಟ್ರು ನಿಂತ್ರೆ ಕಂಬ ನೆಟ್ಟ ಹಾಗಿರ್ತಿತ್ತು."

"ನೀವು ನೋಡಿದ್ದು ಕೋಟು. ಒಳಗಿದ್ದೋರನ್ನ ನೋಡಿದ್ದು ನಾನು."

"ಹೊಸ ಸಭಾಂಗಣ, ದೊಡ್ಡ ದೊಡ್ಡೋರು ಬರ್ತಾರೆ. ಅಕ್ಕಪಕ್ಕ ಇನ್ನಿಬ್ಬರು ಹಳೇ ಹೆಡ್‌ಮಾಸ್ಟ್ರ ಚಿತ್ರ ಇರುತ್ತೆ, ಅವರೆಲ್ಲ ನೆಟ್ಟಗಿದ್ದಾರೆ. ಶನಿವಾರ ಕಾರ್ಯಕ್ರಮ." ಅವನು ದನಿ ತಗ್ಗಿಸಿದ. "ಮಕ್ಕಳ ಯೂನಿಫಾರ್ಮು ಇಷ್ಟು ವರ್ಷ ನಿಮ್ಮ ಹತ್ರಾನೇ ಹೊಲಿಸಿದ್ದೀವಿ. ಮುಂದಕ್ಕೂ ಹೊಲಿಸೋಣ ಅಂತಾನೇ ಇದ್ದೀವಿ. ನೀವೂ ನಮ್ಮದೊಂದು ಮಾತು ನಡೆಸಿಕೊಡಬೇಕು."

ಸೂಜಿಯ ಕಣ್ಣಿನಷ್ಟು ಸಣ್ಣ ಮಾತು. ಅದರೊಳಗೆ ಹಗ್ಗವನ್ನೇ ತೂರಿಸಿದ್ದ. ಟೈಲರಮ್ಮನಿಗೆ ಅರ್ಥವಾಯಿತು. ವರ್ಷದಲ್ಲಿ ನಾಲ್ಕು ತಿಂಗಳು ಅವಳ ಎರಡು ಮೆಷಿನ್ನುಗಳೂ ಓಡುತ್ತಿದ್ದದ್ದು ಆ ನೀಲಿ ಯೂನಿಫಾರ್ಮಿನಿಂದಲೇ. ಮೇಜಿನ ಮೇಲಿದ್ದ ಅಳತೆ ಪಟ್ಟಿಯನ್ನು ಎತ್ತಿ ನಿಧಾನವಾಗಿ ಸುರುಳಿ ಸುತ್ತಿದಳು.

"ಬಟ್ಟೆಯಾಗಿದ್ರೆ ಹೊಲಿಗೆ ಬಿಚ್ಚಿ ಸರಿಮಾಡಿ ಕೊಡ್ತಿದ್ದೆ. ಇದು ಬಟ್ಟೆಯಲ್ಲ."

"ಹಾಗಾದ್ರೆ ಫೋಟೋ ಹಾಕಬೇಕಾಗುತ್ತೆ."

"ಹಾಕಿ," ಎಂದಳು.

ಎರಡು ವರ್ಷದ ಹಿಂದಿನವರೆಗೂ ಅವಳು ಕುಂಚ ಮುಟ್ಟಿದವಳಲ್ಲ. ಮೂವತ್ತೈದು ವರ್ಷದಿಂದ ಆ ಇಕ್ಕಟ್ಟಿನ ಅಂಗಡಿಯಲ್ಲಿ ಕತ್ತರಿ, ಸೀಮೆಸುಣ್ಣ, ಅಳತೆ ಪಟ್ಟಿ ಹಿಡಿದು ಬದುಕಿದ್ದಳು. ಊರಿನವರ ಮೈ ಅವಳಿಗೆ ಗೊತ್ತಿದ್ದಷ್ಟು ಡಾಕ್ಟರಿಗೂ ಗೊತ್ತಿರಲಿಲ್ಲ. ಯಾರ ಸೊಂಟ ಓರೆ, ಯಾರ ಒಂದು ಕೈ ಇನ್ನೊಂದಕ್ಕಿಂತ ಗಿಡ್ಡ, ಯಾವ ಸಾಹೇಬರ ಎದೆ ಅವರದು, ಯಾವುದು ಹತ್ತಿಯದು, ಎಲ್ಲ ಅವಳ ಬಾಯಲ್ಲಿತ್ತು, ಆದರೆ ಹೊರಗೆ ಬರುತ್ತಿರಲಿಲ್ಲ. "ಡಾಕ್ಟರ ಹತ್ರ ಜನ ಇದ್ದದ್ದನ್ನ ತೋರಿಸೋಕೆ ಹೋಗ್ತಾರೆ, ನನ್ನ ಹತ್ರ ಮುಚ್ಚೋಕೆ ಬರ್ತಾರೆ" ಎಂದು ನಗುತ್ತಿದ್ದಳು. ಗೂನಿಗೊಂದು ಮಡಿಕೆ, ಹೊಟ್ಟೆಗೊಂದು ನೆರಿಗೆ. ಒಳ್ಳೆ ಟೈಲರ್ ಅಂದರೆ ಒಳ್ಳೆ ಸುಳ್ಳುಗಾರ್ತಿ ಎಂಬುದು ಅವಳ ಕಸುಬಿನ ಪಾಠ.

ಪಕ್ಕದ ಅಂಗಡಿಯವನು ಬೋರ್ಡು ಬರೆಯುವವನು. ಎಲ್ಲರೂ ಬೋರ್ಡಣ್ಣ ಎನ್ನುತ್ತಿದ್ದರು. ಅಚ್ಚು ಹಾಕಿದ ಪ್ಲಾಸ್ಟಿಕ್ ಬೋರ್ಡುಗಳು ಬಂದು ಅವನ ಕೆಲಸದ ಮುಕ್ಕಾಲು ಪಾಲನ್ನು ನುಂಗಿದ್ದರೂ ನಾಲ್ಕಾರು ಹಳೆಯ ಗಿರಾಕಿಗಳು ಅವನನ್ನು ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಎದುರಿನ ಕ್ಷೌರದ ಅಂಗಡಿಯ ಬೋರ್ಡಿಗೆ ಗಂಡಸಿನ ಮುಖ ಬರೆಯುತ್ತಿದ್ದವನು, ಮುಖ ಅರ್ಧವಾಗಿರುವಾಗಲೇ ಏಣಿಯಿಂದ ಇಳಿದು ಬಂದ. ಬಲಗೈಯ ಬೆರಳುಗಳು ಮಡಚಿಕೊಂಡು ಹಾಗೇ ನಿಂತುಬಿಟ್ಟಿದ್ದವು. ಎಷ್ಟು ತಿಕ್ಕಿದರೂ ಬಿಡಿಸಿಕೊಳ್ಳಲಿಲ್ಲ.

"ಅಕ್ಕಾ, ನಿಮ್ಮ ಕೈ ನಡುಗಲ್ಲ. ಗೆರೆ ಹಾಕಿಟ್ಟಿದ್ದೀನಿ, ಒಳಗೆ ತುಂಬೋದಷ್ಟೇ. ಬಣ್ಣ ಒಣಗೋದ್ರೊಳಗೆ ಮುಗಿಸಿಕೊಡಿ, ಪುಣ್ಯ ಬರುತ್ತೆ," ಎಂದ.

ಅವಳು ಏಣಿ ಹತ್ತಿದಳು. ಗೆರೆಯೊಳಗೆ ತುಂಬಬೇಕೆಂದೇ ಹೊರಟವಳು, ಆದರೆ ಕಿವಿಯ ಹತ್ತಿರ ಬಂದಾಗ ಕೈ ನಿಂತಿತು. ಬೋರ್ಡಣ್ಣ ಎರಡು ಕಿವಿಯನ್ನೂ ಒಂದೇ ಮಟ್ಟಕ್ಕೆ ಗೆರೆ ಹಾಕಿದ್ದ. ಸಾವಿರಾರು ಕಾಲರುಗಳ ಅಳತೆ ತೆಗೆದವಳು ಅವಳು. ಎರಡು ಕಿವಿ ಸಮ ಇರುವ ಒಬ್ಬನೇ ಒಬ್ಬ ಗಂಡಸನ್ನು ಕಂಡಿರಲಿಲ್ಲ. ಒಂದು ಕಿವಿಯನ್ನು ಬೆರಳಷ್ಟು ಕೆಳಗಿಳಿಸಿದಳು. ಕಿವಿ ಇಳಿದ ಮೇಲೆ ದವಡೆ ಸುಮ್ಮನಿರಲಿಲ್ಲ, ಅದೂ ತುಸು ವಾಲಿತು. ಕಣ್ಣಿನ ಕೆಳಗೆ ನಿದ್ದೆಗೆಟ್ಟ ನೆರಳು ಬೇಕೆನ್ನಿಸಿತು. ಕೆಳಗೆ ಯಾರೋ ಅಂಗಿ ಕೇಳಿಕೊಂಡು ಬಂದು ಹೋದರು. ಯಾರೋ ತಂದಿಟ್ಟ ಚಹಾ ಕೆನೆಗಟ್ಟಿ ತಣ್ಣಗಾಯಿತು. ಇಳಿದಾಗ ಸಂಜೆಯಾಗಿತ್ತು, ಕಾಲುಗಳು ಮರಗಟ್ಟಿದ್ದವು, ಆದರೆ ಎದೆಯೊಳಗೆ, ಹುಡುಗಿಯಾಗಿದ್ದಾಗ ಇಳಿಜಾರಿನಲ್ಲಿ ಸೈಕಲ್ಲಿನ ಬ್ರೇಕು ಬಿಟ್ಟಾಗ ಆದಂಥದೇನೋ ಆಗುತ್ತಿತ್ತು.

"ಇದೇನ್ರೀ ನಮ್ಮ ಮಾವನ ಥರ ಇದೆಯಲ್ಲ!" ಎಂದು ಕ್ಷೌರಿಕ ಕೂಗಾಡಿದ. "ಇದನ್ನ ನೋಡಿ ಯಾರು ಬರ್ತಾರೆ ನನ್ನ ಅಂಗಡಿಗೆ?" ಆದರೆ ವಾರದೊಳಗೆ ರಸ್ತೆಗೆ ರಸ್ತೆಯೇ ಬಂದು ಬೋರ್ಡಿನ ಕೆಳಗೆ ನಿಂತಿತು. ಒಬ್ಬನಿಗೆ ಅವನ ಅಣ್ಣ ಕಂಡ, ಇನ್ನೊಬ್ಬನಿಗೆ ಸತ್ತುಹೋದ ಗೆಳೆಯ. ಕ್ಷೌರಿಕ ಬಾಯಿ ಮುಚ್ಚಿಕೊಂಡ.

ಬೋರ್ಡಣ್ಣ ಮಾತ್ರ ಬಹಳ ಹೊತ್ತು ನೋಡಿ, "ಅಕ್ಕಾ, ನಾನು ನಲವತ್ತು ವರ್ಷ ಬಣ್ಣ ಹಚ್ಚಿದೆ. ನೀವು ಒಂದು ದಿನದಲ್ಲಿ ಚಿತ್ರ ಬರೆದ್ರಿ," ಎಂದ. ಅವನ ದನಿಯಲ್ಲಿ ಹೊಟ್ಟೆಕಿಚ್ಚೂ ಇತ್ತು, ಸಂತೋಷವೂ ಇತ್ತು. ಮರುದಿನ ತನ್ನ ಕುಂಚಗಳನ್ನೆಲ್ಲ ಡಬ್ಬಿಯ ಸಮೇತ ತಂದು ಅವಳ ಮೇಜಿನ ಮೇಲಿಟ್ಟ. ಅಂದಿನಿಂದ ಸ್ಟೂಲಿನ ಮೇಲೆ ಕೂತು ಬಯ್ಯುವುದು ಅವನ ಕೆಲಸವಾಯಿತು: ಎಣ್ಣೆ ಜಾಸ್ತಿಯಾಯ್ತು, ಕುಂಚ ತೊಳೆದಿಲ್ಲ, ಬಿಳಿ ಬಣ್ಣ ಅಂದ್ರೆ ಬಿಳಿ ಅಲ್ಲ, ಬಟ್ಟೆ ನೋಡಿದೋರಿಗೆ ಅಷ್ಟೂ ಗೊತ್ತಾಗಲ್ವಾ. ಅವಳು ಯೂನಿಫಾರ್ಮಿನ ದಪ್ಪ ಬಟ್ಟೆಯನ್ನು ಮರದ ಚೌಕಟ್ಟಿಗೆ ಎಳೆದು ಬಿಗಿದು ಮೊಳೆ ಹೊಡೆದಳು. ಬಿಗಿಯುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ದೂರದೂರಿನಲ್ಲಿದ್ದ ಮಗಳು ಫೋನು ಮಾಡಿದಳು. "ಅಮ್ಮಾ, ಮೊಣಕಾಲು ನೋವು ಅಂತಿದ್ದೆ, ಏಣಿ ಹತ್ತಿದ್ದೀಯಂತೆ?"

"ಏಣಿ ಮೇಲೆ ನೋಯಲ್ಲ ಕಣೇ. ಕೆಳಗಿದ್ದಾಗ ಮಾತ್ರ."

ಮೇಷ್ಟ್ರು ಮೊದಮೊದಲು ತಮಾಷೆಯಾಗಿಯೇ ನೋಡಿದರು. "ಅರವತ್ತಕ್ಕೆ ಅರಳು ಮರಳು ಅಂತಾರೆ. ನಿನಗಿನ್ನೂ ಮೂರು ವರ್ಷ ಇದೆಯಲ್ಲೇ."

"ಮುಂಚೇನೇ ಶುರುಮಾಡಿದೆ ಅಂದ್ಕೊಳ್ಳಿ," ಎಂದಿದ್ದಳು.

ಸಭಾಂಗಣಕ್ಕೆ ಚಿತ್ರ ಬೇಕೆಂದು ಶಾಲೆಯವರು ಕೇಳಿದಾಗ ಅವರಿಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಹನ್ನೊಂದು ಮಧ್ಯಾಹ್ನ ಕಿಟಕಿಯ ಪಕ್ಕ ಅಲ್ಲಾಡದೆ ಕೂತರು. "ಕೋಟು ಆಮೇಲೆ ಹಾಕ್ತೀಯಲ್ಲ?" ಎಂದು ಎರಡು ಸಲ ಕೇಳಿದರು. ಎರಡು ಸಲವೂ ಅವಳು "ನೋಡೋಣ" ಎಂದಳು. ನಿಜಕ್ಕೂ ಕೋಟು ಹಾಕಬೇಕೆಂದೇ ಇದ್ದಳು. ಅವರ ಕೋಟುಗಳನ್ನೆಲ್ಲ ಹೊಲಿದವಳು ಅವಳೇ. ಎಡಭುಜದ ಒಳಗೆ ಎರಡು ಬೆರಳು ದಪ್ಪ ಹತ್ತಿ ತುಂಬಿ, ಹೊರಗಿನಿಂದ ಯಾರಿಗೂ ತಿಳಿಯದ ಹಾಗೆ. ಮದುವೆಯಾದ ಹೊಸದರಲ್ಲಿ ಮೊದಲ ಸಲ ಅಳತೆ ತೆಗೆದಾಗ "ಹುಟ್ಟಿನಿಂದ ಬಂದದ್ದು" ಎಂದಿದ್ದರು. ಅವಳು ಮತ್ತೆ ಕೇಳಿರಲಿಲ್ಲ. ಆದರೆ ಹನ್ನೊಂದನೆಯ ದಿನ ಬೆಳಕು ಆ ತೆಳು ಅಂಗಿಯ ಮೇಲೆ ಬಿದ್ದು ಭುಜದುದ್ದಕ್ಕೂ ಇಳಿದು ಬಂದದ್ದನ್ನು ನೋಡಿದಾಗ, ಅದರ ಮೇಲೆ ಹತ್ತಿ ಮೆತ್ತಲು ಅವಳ ಕೈ ಏಳಲಿಲ್ಲ. ಅಷ್ಟು ವರ್ಷ ಜೊತೆಗಿದ್ದ ಮನುಷ್ಯ ಅಲ್ಲಿ, ಆ ಇಳಿದ ಭುಜದಲ್ಲೇ ಇದ್ದರು.

ಮೇಷ್ಟ್ರು ಚಿತ್ರ ನೋಡಿ "ಯಾರಿದು?" ಎಂದಷ್ಟೇ ಕೇಳಿ ಒಳಗೆ ಹೋಗಿದ್ದರು.

ಕಾರ್ಯದರ್ಶಿ ಬಂದುಹೋದ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ತಲೆಯೆತ್ತದೆ ಹೇಳಿದರು. "ತಿದ್ದಿಕೊಡು."

"ಇಲ್ಲ."

"ನನ್ನ ಮಾತಿಗಿಂತ ನಿನ್ನ ಬಣ್ಣ ಹೆಚ್ಚಾಯ್ತಾ?"

ಟೈಲರಮ್ಮ ಸ್ವಲ್ಪ ಯೋಚಿಸಿದಳು. ಮೂವತ್ತೆಂಟು ವರ್ಷದಲ್ಲಿ ಇಂಥ ಪ್ರಶ್ನೆಗಳಿಗೆ ಅವಳು ಯೋಚಿಸಿ ಉತ್ತರ ಕೊಟ್ಟದ್ದೇ ಇಲ್ಲ. ಪ್ರಶ್ನೆಯ ಒಳಗೇ ಉತ್ತರ ಹೊಲಿದಿರುತ್ತಿತ್ತು. "ಹೌದು ಅನ್ನೋಕೆ ಭಯ ಆಗ್ತಿದೆ," ಎಂದಳು. "ಆದ್ರೂ ಹೌದು."

ಮೇಷ್ಟ್ರು ತಟ್ಟೆಯಲ್ಲೇ ಕೈತೊಳೆದು ಎದ್ದರು.

ಶನಿವಾರ ಅವಳು ಕಾರ್ಯಕ್ರಮಕ್ಕೆ ಹೋದಳು. ಎರಡನೆಯ ಸಾಲಿನಲ್ಲಿ, ಯಾರೂ ಮಾತಾಡಿಸದಿದ್ದರೂ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಪರದೆ ಸರಿದಾಗ ಕಂಡದ್ದು ಇಪ್ಪತ್ತು ವರ್ಷ ಹಳೆಯ ಫೋಟೋ, ಆಳೆತ್ತರಕ್ಕೆ ಹಿಗ್ಗಿಸಿದ್ದು. ಕಡುನೀಲಿ ಕೋಟು, ಎರಡು ಭುಜವೂ ತಕ್ಕಡಿ ತೂಗಿಟ್ಟ ಹಾಗೆ ಸಮ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಜನ ಚಪ್ಪಾಳೆ ತಟ್ಟುತ್ತಿರುವುದು ತಾನು ತುಂಬಿದ ಹತ್ತಿಗೆ ಎಂದು ಅವಳಿಗೆ ಅನ್ನಿಸಿತು. ನಗು ಬಂತು. ಮುಖದ ಮೇಲೆ ಕೈಯಿಟ್ಟುಕೊಂಡು ನಕ್ಕಳು; ಪಕ್ಕದಲ್ಲಿದ್ದವರು ಆನಂದಬಾಷ್ಪ ಎಂದುಕೊಂಡರು.

ಸೋಮವಾರ ಬೆಳಿಗ್ಗೆ ಅಂಗಡಿಯ ಗಾಜಿನ ಕಿಟಕಿಯಲ್ಲಿ ವರ್ಷಗಟ್ಟಲೆ ನಿಂತಿದ್ದ ಮಾದರಿ ಕೋಟನ್ನು ತೆಗೆದು ಒಳಗೆ ಹಾಕಿ, ಆ ಜಾಗದಲ್ಲಿ ಚಿತ್ರವನ್ನು ತೂಗುಹಾಕಿದಳು. ರಸ್ತೆಗೆ ಮುಖಮಾಡಿ.

"ಅಕ್ಕಾ, ಬೆಂಕಿ ಜೊತೆ ಸರಸ ಬೇಡ," ಎಂದ ಬೋರ್ಡಣ್ಣ.

"ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅದೇ ತೊಂದ್ರೆ."

ಬುಧವಾರ ಶಾಲೆಯಿಂದ ಒಂದು ಸಾಲಿನ ಪತ್ರ ಬಂತು. ಈ ವರ್ಷದಿಂದ ಯೂನಿಫಾರ್ಮು ಬೇರೆಯವರು ಹೊಲಿಯುತ್ತಾರೆ. ಓದಿ ಮಡಚಿ, ಮೆಷಿನ್ನಿನ ಡ್ರಾಯರಿನಲ್ಲಿ ಹಾಕಿದಳು. ಆಮೇಲೆ ಎರಡನೆಯ ಮೆಷಿನ್ನನ್ನು ದರದರ ಎಳೆದು ಮೂಲೆಗೆ ಸೇರಿಸಿ ಮುಸುಕು ಹಾಕಿದಳು. ಕಿಟಕಿಯ ಬಳಿ ಒಂದು ಕುರ್ಚಿ ಹಿಡಿಯುವಷ್ಟು ಜಾಗವಾಯಿತು. ಚಿತ್ರ ತೂಗುಹಾಕಿದಾಗಿನಿಂದ ಮೇಷ್ಟ್ರು ಅಂಗಡಿಯ ಮುಂದೆ ಹಾಯದೆ, ಗ್ರಂಥಾಲಯಕ್ಕೆ ಹಿಂದಿನ ಗಲ್ಲಿ ಬಳಸಿ ಹೋಗುತ್ತಿದ್ದರು. ಮನೆಯಲ್ಲಿ "ಉಪ್ಪು ಕೊಡು" ಎನ್ನುವುದಕ್ಕೂ ಮಾತಿರಲಿಲ್ಲ, ಬೆರಳು ತೋರಿಸುತ್ತಿದ್ದರು.

ಗುರುವಾರ ಅಂಗಡಿಯ ಹಿಂದಿದ್ದ ಗೋದಾಮಿನ ಹಮಾಲಿಗಳು ಚಹಾ ಕುಡಿದು ವಾಪಸು ಹೋಗುತ್ತಿದ್ದರು. ಅವರಲ್ಲಿ ವಯಸ್ಸಾದವನೊಬ್ಬ ಗಾಜಿನ ಮುಂದೆ ನಿಂತ. ಮಿಕ್ಕವರು ಹೋದರೂ ಅವನು ಕದಲಲಿಲ್ಲ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ.

"ಅಮ್ಮಾ, ಇವರು ಯಾವ ಕಡೆ ಮೂಟೆ ಹೊರ್ತಿದ್ರು?"

"ಇವರು ನಮ್ಮನೆಯವರು. ಹೆಡ್‌ಮಾಸ್ಟರಾಗಿದ್ರು."

"ಆಗಿರಬಹುದು. ನಾನು ಅದಕ್ಕಿಂತ ಮುಂಚಿನದು ಕೇಳಿದ್ದು."

"ಇಲ್ಲಪ್ಪ, ಅದು ಹುಟ್ಟಿನಿಂದ ಬಂದದ್ದು."

ಹಮಾಲಿ ತಲೆಯಾಡಿಸಿದ. ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ, ಬಟ್ಟೆಯನ್ನು ಎಡಕ್ಕೆ ಸರಿಸಿ ತೋರಿಸಿದ. ಅದೇ ಇಳಿಜಾರು. ಕತ್ತಿನ ಬುಡದಲ್ಲಿ ಅದೇ ಗಂಟು. "ಎಲುಬು ಬಲಿಯೋದಕ್ಕೆ ಮುಂಚೆ ಹೊತ್ರೆ ಹಿಂಗಾಗುತ್ತೆ. ದೊಡ್ಡೋರಾದ ಮೇಲೆ ಹೊತ್ತೋರಿಗೆ ಬೆನ್ನು ಹೋಗುತ್ತೆ, ಭುಜ ಹೋಗಲ್ಲ. ನಾನು ಎಂಟನೇ ವಯಸ್ಸಿಗೆ ಶುರುಮಾಡಿದೋನು." ಅವನು ಮತ್ತೆ ಚಿತ್ರದ ಕಡೆ ತಿರುಗಿದ. "ಈ ಗಂಟು ಯಾರೂ ಬರೆಯಲ್ಲಮ್ಮ. ನೀವು ಬರೆದಿದ್ದೀರಿ."

ಅವನು ಹೋದ ಮೇಲೆ ಟೈಲರಮ್ಮ ತಾನೇ ಬರೆದ ಚಿತ್ರದ ಮುಂದೆ ಅಪರಿಚಿತಳ ಹಾಗೆ ನಿಂತಳು. ಆ ಗಂಟನ್ನು ಅವಳು ಮೂರು ಸಲ ಅಳಿಸಿ ಮೂರು ಸಲ ಬರೆದಿದ್ದಳು. ಏನು ಬರೆಯುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು.

ಅಂಗಡಿಗೆ ಬೀಗ ಹಾಕಿ ನಡುಮಧ್ಯಾಹ್ನವೇ ಮನೆಗೆ ಹೋದಳು. ಮೇಷ್ಟ್ರು ಕಿಟಕಿಯ ಪಕ್ಕ ಪತ್ರಿಕೆ ತಿದ್ದುತ್ತಿದ್ದರು.

"ಎಷ್ಟು ವರ್ಷ ಹೊತ್ರಿ?" ಎಂದು ಬಾಗಿಲಲ್ಲೇ ನಿಂತು ಕೇಳಿದಳು.

ಪೆನ್ಸಿಲು ನಿಂತಿತು. ಏನನ್ನು ಎಂದು ಅವರು ಕೇಳಲಿಲ್ಲ. "ಆರು," ಎಂದರು. "ಒಂಬತ್ತರಿಂದ ಹದಿನೈದು. ಅಪ್ಪ ಹೋದ ಮೇಲೆ ಚಿಕ್ಕಪ್ಪ ಕರೆದುಕೊಂಡು ಹೋಗಿ ಬಂದರಿನ ಗೋದಾಮಿನಲ್ಲಿ ನಿಲ್ಲಿಸಿದ. ಬೆಳಿಗ್ಗೆ ಮೂಟೆ, ಆಮೇಲೆ ಸ್ಕೂಲು. ಬೆವರಲ್ಲೇ ಹೋಗಿ ಕೂರ್ತಿದ್ದೆ. ಮೂಟೆ, ಮೂಟೆ ಅಂತ ಕರೀತಿದ್ರು. ಅಲ್ಲಿನ ಮೇಷ್ಟ್ರೂ ಹಾಗೇ ಹಾಜರಿ ಕೂಗೋರು." ಅವರು ಪತ್ರಿಕೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. "ಆ ಊರು ಬಿಟ್ಟ ಮೇಲೆ ಯಾರಿಗೂ ಗೊತ್ತಿರಲಿಲ್ಲ. ನಿಮ್ಮಪ್ಪ ಕೇಳಿದಾಗ ಹುಟ್ಟಿನಿಂದ ಅಂದೆ. ನಿನಗೂ ಅದನ್ನೇ ಅಂದೆ. ಆಮೇಲೆ ಹೇಗೆ ಬದಲಾಯಿಸೋದು?"

ಮರುಕ ಬರಬೇಕಾಗಿತ್ತು. ಬಂತು ಕೂಡ. ಆದರೆ ಅದಕ್ಕಿಂತ ಮುಂಚೆ ಸಿಟ್ಟು ಬಂತು. "ಅಷ್ಟು ವರ್ಷ ನನ್ನ ಸೂಜಿ ಕೈಲೂ ಸುಳ್ಳು ಹೇಳಿಸಿದ್ರಲ್ರೀ."

"ಈಗ ಗೊತ್ತಾಯ್ತಲ್ಲ. ಇನ್ನಾದ್ರೂ ಇಳಿಸು ಅದನ್ನ."

ಅವಳು ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಬೆರಳ ಸಂದಿಯಲ್ಲಿ ಒಣಗಿದ್ದ ಬಣ್ಣವನ್ನು ಉಗುರಿನಿಂದ ಕೆರೆಯುತ್ತ, ಒಂದೊಂದೇ ಮಾತನ್ನು ಅಳೆದು ಹೇಳಿದಳು. "ಮುಖ ನಿಮ್ದು. ಇಳಿಸು ಅಂದ್ರೆ ಇಳಿಸ್ತೀನಿ, ಮನೆಗೆ ತಂದು ಗೋಡೆ ಕಡೆ ತಿರುಗಿಸಿ ಇಡ್ತೀನಿ. ಆದ್ರೆ ತಿದ್ದಲ್ಲ. ನಾನು ಸತ್ತ ಮೇಲೂ ಯಾರೂ ತಿದ್ದಕೂಡದು. ಇನ್ನೊಂದು ಮಾತು. ಚಿತ್ರ ನೋಡಿ ಇದನ್ನ ಗುರುತು ಹಿಡಿದ ಹಮಾಲಿ ಇದ್ದಾನಲ್ಲ, ನಾಳೆ ಅವನನ್ನ ಕೂರಿಸಿಕೊಂಡು ಬರೀತೀನಿ. ಅವನಾದ ಮೇಲೆ ಮಿಕ್ಕೋರನ್ನ. ಅದಕ್ಕೆ ನಿಮ್ಮ ಅಪ್ಪಣೆ ಕೇಳ್ತಿಲ್ಲ, ತಿಳಿಸ್ತಿದ್ದೀನಿ ಅಷ್ಟೇ."

ಮೇಷ್ಟ್ರು ಕಿಟಕಿಯಾಚೆ ನೋಡಿದರು. ಇಳಿಸು ಎಂದು ಅವರು ಎರಡನೆಯ ಸಲ ಹೇಳಲಿಲ್ಲ.

ಮರುದಿನ, ಟೈಲರಮ್ಮ ಹೇಳಿಕಳಿಸಿದ್ದಕ್ಕೆ, ಊಟದ ಬಿಡುವಿನಲ್ಲಿ ಹಮಾಲಿ ಬಂದ. ಮುಖ ತೊಳೆದು, ತಲೆ ಬಾಚಿ, ಎಲ್ಲಿಂದಲೋ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಟೈಲರಮ್ಮ ಅದನ್ನು ಬಿಚ್ಚಿಸಿ ಒಳಗಿನ ಬನಿಯನ್ನಿನಲ್ಲೇ ಕುರ್ಚಿಯ ಮೇಲೆ ಕೂರಿಸಿದಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಅವನು ಮೊಣಕಾಲಿನ ಮೇಲಿಟ್ಟ, ತೆಗೆದ, ಮತ್ತೆ ಇಟ್ಟ.

"ನೆಟ್ಟಗೆ ಕೂತ್ಕೊಳ್ಳಲಾ ಅಮ್ಮಾ?"

"ಹೇಗಿದ್ದೀರೋ ಹಾಗೇ ಇರಿ."

ಅವಳು ಇದ್ದಿಲಿನಿಂದ ಮೊದಲ ಗೆರೆ ಎಳೆಯುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಮೇಷ್ಟ್ರು. ಮುಂದಿನ ರಸ್ತೆಯಿಂದಲೇ ಬಂದಿದ್ದರು. ಹೊರಗಿನಿಂದಲೇ ಗಾಜಿನ ಕಿಟಕಿಯ ಹತ್ತಿರ ನಿಂತು ತಮ್ಮ ಚಿತ್ರವನ್ನು, ಹುಡುಗರ ಉತ್ತರಪತ್ರಿಕೆ ನೋಡುವವರ ಹಾಗೆ, ಮೇಲಿನಿಂದ ಕೆಳಗಿನವರೆಗೆ ನೋಡಿದರು. ಬೋರ್ಡಣ್ಣ ಸ್ಟೂಲಿನಿಂದ ಎದ್ದು ನಿಂತ.

"ನನಗೆ ಈಗಲೂ ಇಷ್ಟ ಇಲ್ಲ," ಎಂದರು ಮೇಷ್ಟ್ರು, ಬಾಗಿಲಿಗೆ ಬಂದು.

"ಇಷ್ಟ ಆಗಲಿ ಅಂತ ಬರೆದಿಲ್ಲ," ಎಂದಳು ಅವಳು, ಕೈ ನಿಲ್ಲಿಸದೆ.

ಹಮಾಲಿ ಅವರನ್ನೇ ನೋಡುತ್ತಿದ್ದ. "ಏನು ಹೊತ್ತದ್ದು ಬುದ್ಧೀ, ಅಕ್ಕೀನಾ, ಸಿಮೆಂಟಾ?"

ರಸ್ತೆಯಲ್ಲಿ ಹೋಗುತ್ತಿದ್ದ ಲಾರಿಯೊಂದು ಹಾರನ್ ಮಾಡಿ ದಾಟಿತು.

"ಉಪ್ಪು," ಎಂದರು ಮೇಷ್ಟ್ರು.

"ಅಯ್ಯೋ, ಉಪ್ಪಾ!" ಹಮಾಲಿ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದ. "ಮಳೆ ಬಂದ್ರೆ ಕರಗಿ ಕತ್ತಿಗೆ ಇಳೀತಿತ್ತಲ್ಲ, ಚರ್ಮ ಕಿತ್ತು ಬರ್ತಿತ್ತಲ್ಲ..."

"ಗೋಣಿ ತಾಟು ಕೊಡ್ತಿದ್ರು ಕೆಳಗೆ ಹಾಕ್ಕೊಳ್ಳೋಕೆ. ಅದೂ ನೆನೆದುಬಿಡೋದು."

"ನೆನೆದ್ರೆ ಇನ್ನೂ ಭಾರ."

"ಇನ್ನೂ ಭಾರ," ಎಂದರು ಮೇಷ್ಟ್ರು.

"ಮಾತು ಸಾಕು, ಕತ್ತು ಅಲ್ಲಾಡ್ತಿದೆ," ಎಂದು ಟೈಲರಮ್ಮ ಗದರಿದಳು.

ಇಬ್ಬರೂ ಸುಮ್ಮನಾದರು. ಗಾಳಿ ಎದ್ದು ಅಂಗಡಿಯ ಬಾಗಿಲು ತಾನಾಗಿ ಮುಚ್ಚಿಕೊಳ್ಳತೊಡಗಿತು. ಹಮಾಲಿಯ ಕತ್ತಿನ ಮೇಲಿದ್ದ ಬೆಳಕು ತೆಳ್ಳಗಾಯಿತು. ಅವಳು ತಲೆಯೆತ್ತುವಷ್ಟರಲ್ಲಿ ಮೇಷ್ಟ್ರು ಕೈ ಚಾಚಿ ಬಾಗಿಲನ್ನು ಹಿಂದಕ್ಕೆ ತಳ್ಳಿ ಹಿಡಿದುಕೊಂಡಿದ್ದರು. ಬೆಳಕು ಮತ್ತೆ ಬಂತು. ಗಾಳಿ ನಿಲ್ಲಲಿಲ್ಲ. ರಸ್ತೆಗೆ ಬೆನ್ನು ಮಾಡಿ, ಬಾಗಿಲನ್ನು ಹಿಡಿದುಕೊಂಡೇ ಅವರು ನಿಂತಿದ್ದರು, ಅವಳು ಆ ಕತ್ತಿನ ಗೆರೆ ಮುಗಿಸುವವರೆಗೆ.